ಕರೆಂಟು ಹೋದ ದಿನದ ಪಾಠ

ನೇಯ್ದ ಬಟ್ಟೆಯ ಮೀಟರ್ ಲೆಕ್ಕದಲ್ಲಿ ದುಡಿಯುವ ಮನುಷ್ಯನಿಗೆ ದೇವರ ಮಾತು ಹೇಳಬೇಕೆಂದಿದ್ದರೆ ಅವನ ಮಗ್ಗ ನಿಲ್ಲುವ ತನಕ ಕಾಯಿರಿ. ಇದು ನನ್ನ ಮೊದಲ ಬುದ್ಧಿಮಾತು. ಮಗ್ಗ ಓಡುತ್ತಿರುವಾಗ ಅವನು ಎಲ್ಲದಕ್ಕೂ ತಲೆಯಾಡಿಸುತ್ತಾನೆ. ಪಾಪ ಅಂದರೂ ಆಡಿಸುತ್ತಾನೆ, ಪರಲೋಕ ಅಂದರೂ ಆಡಿಸುತ್ತಾನೆ, ಟೀ ಕುಡಿದೆಯಾ ಅಂದರೂ ಆಡಿಸುತ್ತಾನೆ. ಪವರ್‌ಲೂಮ್ ಶೆಡ್ಡಿನ ಸದ್ದಿನಲ್ಲಿ ಯಾರ ಮಾತೂ ಕೇಳುವುದಿಲ್ಲವಾದ್ದರಿಂದ ಎದುರಿಗಿರುವವನ ಬಾಯಿ ಅಲ್ಲಾಡಿದರೆ ಸಾಕು, ಇವನ ತಲೆಯೂ ಅಲ್ಲಾಡುತ್ತದೆ. ಶುರುವಿನಲ್ಲಿ ನಾನು ಅದನ್ನು ವಿಶ್ವಾಸವೆಂದೇ ತಿಳಿದು, ಹುಡುಗ ಚೆನ್ನಾಗಿ ಬೆಳೆಯುತ್ತಿದ್ದಾನೆ ಎಂದು ಪಾಸ್ಟರಿಗೆ ವರದಿ ಒಪ್ಪಿಸುತ್ತಿದ್ದೆ. ಹುಡುಗ ಅಂದೆ, ನಲವತ್ತು ದಾಟಿದ ಗೃಹಸ್ಥ ಅವನು.

ನಾನು ತಿರುಪ್ಪೂರಿನಲ್ಲಿ ಲಾಟು ಮಾಲಿನ ವ್ಯಾಪಾರಿ. ಎಕ್ಸ್‌ಪೋರ್ಟ್ ಕಂಪನಿಗಳು ಬೇಡವೆಂದು ಬದಿಗೆ ತಳ್ಳಿದ ಬನಿಯನ್ನು, ಟೀ ಶರ್ಟುಗಳನ್ನು ಮೂಟೆಗಟ್ಟಲೆ ಕೊಂಡು, ವಿಂಗಡಿಸಿ, ಸಂತೆಗಳಲ್ಲಿ ಮಾರುತ್ತೇನೆ. ಗುಂಡ್ಲುಪೇಟೆ ಕಡೆಯಿಂದ ಈ ಊರಿಗೆ ಬಂದು ಇಳಿದಾಗ ಕೈಯಲ್ಲಿ ಏನೂ ಇರಲಿಲ್ಲ, ಬಾಯಿ ಇತ್ತು. ಅದರಿಂದಲೇ ಗೋಡೌನು, ಮನೆ ಎಲ್ಲ ಆಯಿತು. ಸಭೆಗೆ ಬಂದದ್ದು ಆಮೇಲೆ.

ನಮ್ಮದು ಬ್ಯಾಪ್ಟಿಸ್ಟರ ಚಿಕ್ಕ ಸಭೆ. ಬೆಳಿಗ್ಗೆ ತಮಿಳು ಆರಾಧನೆ ಮುಗಿದ ಮೇಲೆ ಅದೇ ಹಾಲಿನಲ್ಲಿ ಕನ್ನಡದವರ ಕೂಟ ನಡೆಯುತ್ತದೆ. ಮಗುವಿನ ತಲೆಗೆ ನೀರು ಚಿಮುಕಿಸಿ ಕ್ರೈಸ್ತ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ತಿಳಿವಳಿಕೆ ಬಂದವನು ತಾನೇ ಒಪ್ಪಿಕೊಂಡು, ನೀರಿಗಿಳಿದು, ಪೂರ್ತಿ ಮುಳುಗಿ ಏಳಬೇಕು. ಅದಕ್ಕೂ ಮೊದಲು ಹಳೆಯ ವಿಶ್ವಾಸಿಯೊಬ್ಬ ಅವನ ಜೊತೆ ಒಂದು ವರ್ಷ ಕೂತು ಕಲಿಸಿ, ಕೊನೆಗೆ ಸಭೆಯ ಮುಂದೆ ಎದ್ದು ನಿಂತು, ಇವನಿಗೆ ನಾನು ಜವಾಬುದಾರ ಎನ್ನಬೇಕು. ಇದಕ್ಕೆ ನಾವು ಶಿಷ್ಯತ್ವ ಎನ್ನುತ್ತೇವೆ. ಕೇಳಲು ಗಂಭೀರವಾಗಿದೆ. ಮಾಡುವಾಗ ಬಸ್ಸು ಹತ್ತುವುದು, ಇಳಿಯುವುದು, ಕಾಯುವುದು, ಮಂಡಿ ನೋಯಿಸಿಕೊಳ್ಳುವುದು.

"ಅಣ್ಣಾ, ನೀವು ಕಲ್ಲಿಗೂ ಬನಿಯನ್ನು ಮಾರುವವರು," ಎಂದರು ನಮ್ಮ ಪಾಸ್ಟರು ತಮಿಳಿನಲ್ಲಿ. ಚಿಕ್ಕ ವಯಸ್ಸಿನವರು, ಉತ್ಸಾಹ ಜಾಸ್ತಿ. "ಒಬ್ಬನನ್ನ ತಯಾರು ಮಾಡೋದು ನಿಮಗೆ ಕಷ್ಟವಾ?"

"ಕಲ್ಲು ವಾಪಸು ಪ್ರಶ್ನೆ ಕೇಳಲ್ಲ ಪಾಸ್ಟರ್," ಎಂದಿದ್ದೆ. ಆಗ ಅದು ಬರೀ ತಮಾಷೆ.

ನನಗೆ ಸಿಕ್ಕವನು ಪಲ್ಲಡಂ ದಾರಿಯ ಒಂದು ಹಳ್ಳಿಯ ನೇಕಾರ. ಅವನ ಮನೆತನದವರು ಎಷ್ಟೋ ತಲೆಮಾರಿನಿಂದ ಅಲ್ಲೇ ಇರುವ ಕನ್ನಡದವರು. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು. ಒಂದು ಭಾನುವಾರ ನೂಲು ತರಲೆಂದು ತಿರುಪ್ಪೂರಿಗೆ ಬಂದವನು, ನಮ್ಮ ಹಾಲಿನ ಸ್ಪೀಕರಿನಿಂದ ಬರುತ್ತಿದ್ದ ಹಾಡು ಕೇಳಿ ರಸ್ತೆಯಲ್ಲೇ ನಿಂತನಂತೆ. ಮನೆಯೊಳಗೆ ಆಡುವ ಮಾತನ್ನು ಮೈಕಿನಲ್ಲಿ ಕೇಳಿದ್ದು ಅವನಿಗೆ ಅದೇ ಮೊದಲು. ಒಳಗೆ ಬಂದು ಹಿಂದಿನ ಸಾಲಿನಲ್ಲಿ ಕೂತ. ಮುಂದಿನ ವಾರವೂ ಬಂದ. ಆಮೇಲೆ ಬರುತ್ತಲೇ ಇದ್ದ.

ಭಾನುವಾರ ಆರಾಧನೆ ಮುಗಿದರೆ ಅವನಿಗೆ ನೂಲಿನ ಓಡಾಟ, ನನಗೆ ಸಂತೆ. ಉಳಿದ ದಿನ ಅವನು ಮಗ್ಗ ಬಿಟ್ಟು ಅಲ್ಲಾಡುವಂತಿಲ್ಲ. ಕೊನೆಗೆ ದಾರಿ ತೋರಿಸಿದ್ದು ವಿದ್ಯುತ್ ಇಲಾಖೆ. ತಿಂಗಳಿಗೊಂದು ದಿನ ಲೈನಿನ ರಿಪೇರಿಗೆಂದು ಆ ಭಾಗದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕರೆಂಟು ತೆಗೆಯುತ್ತಾರೆ. ಅವನು ಹಿಂದಿನ ದಿನ ಫೋನು ಮಾಡುತ್ತಿದ್ದ, "ಅಣ್ಣಾ, ನಾಳೆ ಮಿನ್‌ತಡೈ ಇದೆಯಂತೆ." ಅವನಿಗೆ ಒಂದು ದಿನದ ದುಡಿಮೆ ಹೋದ ಬೇಸರ, ನನಗೆ ಪಾಠಕ್ಕೆ ಒಂದು ದಿನ ಸಿಕ್ಕಿತೆಂಬ ಖುಷಿ. ನಡುವೆ ಆಗೀಗ ಕರೆಂಟು ತಾನಾಗಿ ಹೋದರೂ ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಂದುಬಿಡುತ್ತಿತ್ತು.

ಆ ದಿನಗಳಲ್ಲಿ ಶೆಡ್ಡಿನೊಳಗೆ ಕಾಲಿಟ್ಟರೆ ನೂಲಿನ ಧೂಳು ಮಾತ್ರ ಗಾಳಿಯಲ್ಲಿ ತೇಲುತ್ತಿರುತ್ತಿತ್ತು. ಸದ್ದಿಗೆ ಒಗ್ಗಿದ ಗಂಟಲು ಅವನದು. ಮೊದಮೊದಲು ನನ್ನ ಪಕ್ಕದಲ್ಲೇ ಕೂತು ಕೂಗಿಯೇ ಮಾತಾಡುತ್ತಿದ್ದ, ಆಮೇಲೆ ತಾನೇ ನಕ್ಕು ದನಿ ಇಳಿಸುತ್ತಿದ್ದ. ಅವನಿಗೆ ಕನ್ನಡ ಅಕ್ಷರ ಬಾರದು, ನನಗೆ ತಮಿಳು ಅಕ್ಷರ ಬಸ್ಸಿನ ಬೋರ್ಡಿಗಷ್ಟೇ ಸಾಲುತ್ತದೆ. ಹಾಗಾಗಿ ನನ್ನ ತೊಡೆಯ ಮೇಲೆ ಕನ್ನಡದ ಸತ್ಯವೇದ, ಅವನ ತೊಡೆಯ ಮೇಲೆ ತಮಿಳಿನದು. ನಾನು ಒಂದು ವಾಕ್ಯ ಓದುತ್ತಿದ್ದೆ, ಅದನ್ನೇ ಅವನು ಬೆರಳಿಟ್ಟು ತಮಿಳಿನಲ್ಲಿ ಓದುತ್ತಿದ್ದ. ಎರಡೂ ಸೇರಿಸಿ ಅವರ ಮನೆಯ ಮಾತಿನಲ್ಲಿ ಅರ್ಥ ಹೇಳಿಕೊಳ್ಳುತ್ತಿದ್ದೆವು. ಹೀಗೆ ಒಂದು ಪುಟ ಸಾಗುವುದರೊಳಗೆ ಅರ್ಧ ದಿನ ಕಳೆದಿರುತ್ತಿತ್ತು.

ಪ್ರತಿ ಸಲವೂ ಕೊನೆಯಲ್ಲಿ ಅವನ ಬಳಿ ಒಂದು ಪ್ರಶ್ನೆ ತಯಾರಿರುತ್ತಿತ್ತು. ಸಂಬಂಧಿಕರ ಮದುವೆಯಲ್ಲಿ ಹಣೆಗೆ ಕುಂಕುಮ ಇಡಲು ಬಂದರೆ ಏನು ಮಾಡಬೇಕು? ಆಯುಧಪೂಜೆಯ ದಿನ ಶೆಡ್ಡಿನ ಯಜಮಾನ ಮುದಲಾಳಿ ಮಗ್ಗಕ್ಕೆ ಪೂಜೆ ಮಾಡಿ ಕೊಡುವ ಪೊರಿಕಡಲೆ, ಅಂದರೆ ಪುರಿ-ಹುರಿಗಡಲೆ, ತಿನ್ನಬಹುದಾ? ಅಮಾವಾಸ್ಯೆಗೆ ತೀರಿಕೊಂಡ ಹಿರಿಯರಿಗೆ ಎಲೆ ಹಾಕಿ ಅನ್ನ ಇಡುವಾಗ ಮಗನಾದವನು ಎಲ್ಲಿ ನಿಲ್ಲಬೇಕು? ನಾನು ವ್ಯಾಪಾರದವನು. ಗಿರಾಕಿ ಬಾಗಿಲ ತನಕ ಬಂದಿರುವಾಗ ಇಲ್ಲ ಎನ್ನುವ ಮಾತು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಕುಂಕುಮಕ್ಕೆ ಒಂದು ದಾರಿ, ಪೊರಿಗೆ ಒಂದು ದಾರಿ, ಎಲೆಗೆ ಒಂದು ದಾರಿ ಎಂದು ಹುಡುಕಿ ಹುಡುಕಿ ಕೊಡುತ್ತಿದ್ದೆ. ಅವನು "ಸರಿಂಗಣ್ಣಾ" ಎಂದು ಎದ್ದು ಹೋಗುತ್ತಿದ್ದ. ಮುಂದಿನ ತಿಂಗಳು ಅದೇ ಪ್ರಶ್ನೆ ಇನ್ನಷ್ಟು ಮೊನಚಾಗಿ ವಾಪಸು ಬರುತ್ತಿತ್ತು.

ಅಂಗಡಿಗೆ ಬಂದವನು ಮಾಲು ಹಿಡಿದು ನೋಡಿ, "ಒಂದು ನಿಮಿಷ" ಎಂದು ಹೊರಗೆ ಹೋಗಿ ಫೋನು ಮಾಡಿ ಬಂದರೆ ತಿಳಿದುಕೊಳ್ಳಿ, ನಿರ್ಧಾರ ಮಾಡುವವರು ಬೇರೆ ಕಡೆ ಇದ್ದಾರೆ. ಈ ಸೂತ್ರವನ್ನು ಎಷ್ಟೋ ಜನಕ್ಕೆ ಹೇಳಿಕೊಟ್ಟವನಿಗೆ ಇಲ್ಲಿ ಅದು ಹೊಳೆಯಲು ತಡವಾಯಿತು. ದೀಪಾವಳಿ ಕಳೆದ ಮೇಲಿನ ಒಂದು ಪಾಠದ ದಿನ ಕೇಳಿದೆ.

"ಈ ಪ್ರಶ್ನೆ ನಿನ್ನದಾ?"

ಅವನು ನಕ್ಕ. "ಇಲ್ಲಣ್ಣಾ. ಅವಳದು."

"ಹೋದ ತಿಂಗಳದು?"

"ಅದೂ ನನ್ನ ಹೆಂಡತಿದೇ."

"ಹಾಗಾದರೆ ನಿನ್ನದು ಯಾವುದಪ್ಪಾ?"

"ನಂಗೇನು ಪ್ರಶ್ನೆ ಇಲ್ಲಣ್ಣಾ. ನಂಗೆ ನಂಬಿಕೆ ಬಂದುಬಿಟ್ಟದೆ. ನೀವು ಹೇಳಿದ್ದನ್ನ ಊಟಕ್ಕೆ ಕೂತಾಗ ಹಂಗೇ ಅವಳಿಗೆ ಹೇಳ್ತೀನಿ. ಅವಳು ಏನಾದ್ರೂ ಕೇಳ್ತಾಳೆ. ಅದನ್ನ ತಂದು ನಿಮಗೆ ಕೇಳ್ತೀನಿ."

ಅಂದರೆ ಇಷ್ಟು ತಿಂಗಳು ನಾನು ಕಲಿಸುತ್ತಿದ್ದದ್ದು ಒಬ್ಬನಿಗಲ್ಲ, ಚೌಕಾಸಿ ಮಾಡುತ್ತಿದ್ದದ್ದು ನಾನು ಮುಖವನ್ನೇ ನೋಡದ ಹೆಂಗಸಿನ ಜೊತೆ. ಇಂಥ ಹೊತ್ತಿನಲ್ಲಿ ಬೇರೆಯವರಾದರೆ ಹಿಗ್ಗುತ್ತಿದ್ದರೇನೋ. ಶಿಷ್ಯ ತಾನೇ ಒಬ್ಬ ಶಿಷ್ಯೆಯನ್ನು ತಯಾರು ಮಾಡುತ್ತಿದ್ದಾನೆ, ಪಾಸ್ಟರು ಪ್ರತಿ ವಾರ ಹೇಳುವುದೂ ಅದನ್ನೇ. ನನಗೆ ಮಾತ್ರ ಸುಸ್ತೆನಿಸಿತು. ಕ್ರಿಸ್ಮಸ್ಸಿಗೆ ಮೊದಲಿನ ಭಾನುವಾರ ಅವಿನಾಶಿ ಕಡೆ ಸಭೆಯವರೊಬ್ಬರ ತೋಟದ ತೊಟ್ಟಿಯಲ್ಲಿ ದೀಕ್ಷಾಸ್ನಾನ ಎಂದು ನಿಶ್ಚಯವಾಗಿತ್ತು. ಇವನ ಹೆಸರನ್ನೂ ಸೇರಿಸಿ ಆಗಿತ್ತು.

ಮುಂದಿನ ಮಿನ್‌ತಡೈಗೆ ಶೆಡ್ಡಿಗೆ ಹೋಗದೆ ಅವನ ಮನೆಗೇ ಹೋದೆ. ನಿಮಗೂ ಇದನ್ನೇ ಹೇಳುತ್ತೇನೆ, ಮೊದಲ ತಿಂಗಳೇ ಮನೆಗೆ ಹೋಗಿ.

ಹಿಂದಿನ ಕಾಲದ ಕೈಮಗ್ಗದ ಗುಳಿಯನ್ನು ಸಿಮೆಂಟಿನಿಂದ ಮುಚ್ಚಿ ಅದರ ಮೇಲೆ ಟೀವಿ ಇಟ್ಟಿದ್ದರು. ಗೋಡೆಯ ಮೇಲೆ ತೀರಿಕೊಂಡ ಅವನ ತಾಯಿಯ ಫೋಟೋ. ಅವನ ಹೆಂಡತಿ ಸಣ್ಣ ಕಾಯದ ಹೆಂಗಸು. ನೂಲಿನ ಡಬ್ಬದ ರಟ್ಟನ್ನು ಹರಿದು ನನ್ನ ಕೈಗೆ ಕೊಟ್ಟು, "ಬನ್ನಿಂಗಣ್ಣಾ, ಬೀಸಿಕೊಳ್ಳಿ, ಫ್ಯಾನಿಲ್ಲ," ಎಂದು ಒಳಗೆ ಹೋಗಿ ಕಾಫಿ ತಂದಳು. ನಾನು ಕುಡಿದು ಲೋಟ ಇಡುವ ತನಕ ಬಾಗಿಲಿಗೊರಗಿ ನಿಂತಿದ್ದಳು.

"ನೀವು ಹೇಳೋದೆಲ್ಲ ಇವರು ಬಂದು ಒಪ್ಪಿಸ್ತಾರಣ್ಣಾ, ಸ್ಕೂಲ್ ಮಕ್ಕಳ ಹಂಗೆ," ಎಂದಳು. "ನೀವು ಒಂದೊಂದು ಸಲ ಒಂದೊಂದು ರೇಟ್ ಹೇಳಿದ್ದೀರಿ. ಅಮಾವಾಸೆಗೆ ಕೇಳಿದ್ರೆ, ದೂರ ನಿಂತ್ರೆ ಪರವಾಯಿಲ್ಲ ಅಂದ್ರಿ. ದೀಪಾವಳಿಗೆ ಕೇಳಿದ್ರೆ, ಅಕ್ಕನ ಮಗ ಎಲೆ ಇಡಲಿ, ಇವನು ಸುಮ್ಮನೆ ಕೂತಿರಲಿ ಅಂದ್ರಿ. ಇವತ್ತು ಕಡೇ ರೇಟ್ ಹೇಳಿಬಿಡಿ. ಇವರು ನೀರಲ್ಲಿ ಮುಳುಗಿ ಎದ್ದ ಮೇಲೆ ಅತ್ತೆಗೆ ಎಲೆ ಇಡ್ತಾರಾ, ಇಲ್ವಾ?"

ಇಂಥ ಮುಖದೆದುರು ಸುತ್ತು ಬಳಸಬಾರದು. "ಇಡೋ ಹಾಗಿಲ್ಲ ತಂಗಿ," ಎಂದೆ.

"ಪಕ್ಕದಲ್ಲಿ ನಿಂತು ಕೈ ಮಾತ್ರ ಮುಟ್ಟಿಸಿದ್ರೆ?"

"ಇಲ್ಲ."

"ವರ್ಷಕ್ಕೆ ಒಂದು ದಿನ ತಾನೇ?"

"ಒಂದು ದಿನವೂ ಇಲ್ಲಮ್ಮಾ. ಇಟ್ಟರೆ ಆ ನೀರಿಗೆ ಇಳಿದದ್ದು ಸುಳ್ಳಾಗುತ್ತೆ. ಇದರಲ್ಲಿ ಕಡಿಮೆ ಮಾಡೋದಕ್ಕೆ ನನ್ನ ಕೈಯಲ್ಲಿ ಏನೂ ಇಲ್ಲ."

ಅವಳು ನೆಲದ ಮೇಲೆ ಕೂತಳು. "ಇಷ್ಟು ಹೇಳೋಕೆ ಒಂದು ವರ್ಷ ಬೇಕಾಯ್ತಾಣ್ಣಾ?"

ಗಂಡ ಅವಳನ್ನು ತಡೆಯಲು ಬಾಯಿ ತೆರೆದ. "ನೀವು ಸುಮ್ನಿರಿ," ಎಂದು ಅವನ ಕಡೆ ನೋಡದೆ ಹೇಳಿ, ನನ್ನ ಕಡೆಗೆ ತಿರುಗಿದಳು. ಅತ್ತೆ ಮಲಗಿದಲ್ಲೇ ಆಗಿ ಬಹಳ ಕಾಲ ನರಳಿದರಂತೆ. ಕೊನೆಕೊನೆಗೆ ಗಂಜಿ ಕೂಡ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಸಿವು ಮಾತ್ರ ಹೋಗಿರಲಿಲ್ಲ. ಒಂದು ದಿನ ಸೊಸೆಯ ಕೈ ಹಿಡಿದು, ಸತ್ತ ಮೇಲಾದರೂ ನನ್ನನ್ನು ಹಸಿದ ಹೊಟ್ಟೆಯಲ್ಲಿ ಇಡಬೇಡ, ವರ್ಷಕ್ಕೊಂದು ಸಲ ಎಲೆ ತುಂಬ ಬಡಿಸು ಎಂದರಂತೆ. ಇವಳು ಆಯಿತು ಎಂದಿದ್ದಳು.

"ಮಾತು ಕೊಟ್ಟಿದ್ದು ನಾನು," ಎಂದಳು. "ಎಲೆ ಇಡಬೇಕಾದ್ದು ಇವರ ಕೈ. ಇರೋದು ಒಬ್ಬನೇ ಮಗ."

"ಸತ್ತವರಿಗೆ ಹಸಿವಿಲ್ಲ ತಂಗಿ. ನಮ್ಮ ನಂಬಿಕೆ ಅದು."

"ನೀವು ಇಲ್ಲ ಅಂತೀರಿ. ಅವರು ಹಸಿವಾಗುತ್ತೆ ಅಂದಿದ್ರು. ಬಾಯಿಗೆ ಗಂಜಿ ಹಾಕಿದ್ದು ನಾನಣ್ಣಾ, ನೀವಲ್ಲ." ಅವಳ ದನಿಯಲ್ಲಿ ಕೋಪವಿರಲಿಲ್ಲ. "ನಿಮ್ಮ ಸ್ವಾಮಿ ಶಿಲುಬೆ ಮೇಲಿದ್ದಾಗಲೂ ಅಮ್ಮನ್ನ ಒಬ್ಬರ ಕೈಗೆ ಒಪ್ಪಿಸಿದ್ರಂತೆ. ಇವರು ಹೇಳಿದ್ರು. ಇವರ ಅಮ್ಮನ್ನ ಯಾರ ಕೈಗೆ ಒಪ್ಪಿಸ್ಲಿ, ಹೇಳಿ."

ಆ ಭಾಗವನ್ನು ಶೆಡ್ಡಿನಲ್ಲಿ ಓದಿಸಿದವನು ನಾನೇ. ನನ್ನ ಮಾಲು ನನಗೇ ವಾಪಸು ಬಂದಿತ್ತು. ರಟ್ಟು ಬೀಸಿಕೊಂಡೆ.

ಆಗ ಅವನು ಮಾತಾಡಿದ. "ಅವಳ ಮಾತು ಮುರಿದು ನಾನು ನೀರಿಗಿಳಿಯಲ್ಲಣ್ಣಾ. ಆದ್ರೆ ನಂಬಿಕೆ ಬಿಡೋದೂ ಇಲ್ಲ."

"ಬಿಡಿ ಅಂತ ನಿಮಗೆ ಯಾರು ಹೇಳಿದ್ರು?" ಎಂದಳು ಅವಳು. ಗೋಡೆಯ ಫೋಟೋ ಕಡೆ ನೋಡಿದಳು. "ಪೊಂಗಲ್ ಆದ ಮೇಲೆ ಅತ್ತೆ ದಿನ ಬರುತ್ತೆ. ಈ ಸಲ ಎಲೆ ಇಡೋಣ. ನಾನೇ ಅತ್ತೆನ ಕೇಳ್ತೀನಿ, ಕೊಟ್ಟ ಮಾತಿಂದ ನನ್ನ ಬಿಟ್ಟುಬಿಡಿ ಅಂತ. ಕಾಗೆ ಬಂದು ಅನ್ನ ಮುಟ್ಟಿದ್ರೆ ಅವರು ಒಪ್ಪಿದ್ರು ಅಂತ. ಆಮೇಲೆ ಇವರನ್ನ ಕರ್ಕೊಂಡು ಹೋಗಿ. ನಾನು ಅಡ್ಡ ಬರಲ್ಲ."

ವರ್ಷಗಟ್ಟಲೆ ಕಂಪನಿಗಳ ಮ್ಯಾನೇಜರುಗಳ ಜೊತೆ ಗುದ್ದಾಡಿದ್ದೇನೆ. ಇಂಥ ಷರತ್ತನ್ನು ಯಾರೂ ಮುಂದಿಟ್ಟಿರಲಿಲ್ಲ. ಒಪ್ಪುತ್ತೇನೆ ಎನ್ನಲು ಬ್ಯಾಪ್ಟಿಸ್ಟನಾದ ನನಗೆ ಬಾಯಿಲ್ಲ, ಒಪ್ಪುವುದಿಲ್ಲ ಎನ್ನಲು ಅಲ್ಲಿ ಕೂತ ಮನುಷ್ಯನಾಗಿ ಬಾಯಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಪಾಸ್ಟರಿಗೆ ಹೇಳಲೇಬೇಕಿತ್ತು. ಕೇಳಿ ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಕಾಗೆಯ ಅನುಮತಿ ತಗೊಂಡು ದೀಕ್ಷಾಸ್ನಾನವಾ ಅಣ್ಣಾ? ನಾಳೆ ಬೇರೆ ಸಭೆಯವರು ಕೇಳಿದರೆ ಏನಂತ ಹೇಳಲಿ?"

"ಕಾಗೆ ಸದಸ್ಯತ್ವ ಕೇಳಿಲ್ಲ ಅಂತ ಹೇಳಿ."

ಅವರು ನಗಲಿಲ್ಲ. "ನೀವು ಅವರಿಗೆ ಏನು ಸಲಹೆ ಕೊಟ್ಟು ಬಂದಿರಿ?"

"ಏನೂ ಕೊಡಲಿಲ್ಲ."

"ನೀವಾ?" ಎಂದು ನನ್ನನ್ನೇ ನೋಡಿದರು. ಆಮೇಲೆ ಪಟ್ಟಿಯಿಂದ ಅವನ ಹೆಸರನ್ನು ತೆಗೆದರು. ತೆಗೆಯಬೇಕಾದ್ದೇ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ದೀಕ್ಷಾಸ್ನಾನದ ಭಾನುವಾರ ಅವನು ಬರುವುದಿಲ್ಲ ಎಂದುಕೊಂಡಿದ್ದೆ, ಬಂದ. ತೋಟದ ತೊಟ್ಟಿಯ ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತಿತ್ತು. ಅವನು ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಇಳಿಯುವವರಿಗೂ ಏಳುವವರಿಗೂ ಕೈ ಕೊಟ್ಟ. ಮುಳುಗಿ ಎದ್ದು ಚಳಿಗೆ ನಡುಗುತ್ತಿದ್ದ ಒಬ್ಬ ಅಜ್ಜಿಯನ್ನು ಹೆಚ್ಚುಕಡಿಮೆ ಎತ್ತಿಯೇ ಮೇಲೆ ತಂದ. ಎಲ್ಲರೂ ಹಾಡುವಾಗ ಅವನೂ ಹಾಡಿದ. ಅಂಗಿಯ ತೋಳು ಮೊಣಕೈ ತನಕ ಒದ್ದೆ, ಉಳಿದದ್ದಕ್ಕೆ ನೀರೇ ತಾಗಿರಲಿಲ್ಲ. ಸಭೆಯ ಹಿರಿಯರೊಬ್ಬರು ನನ್ನ ಪಕ್ಕಕ್ಕೆ ಬಂದು, "ಏನಪ್ಪಾ, ನಿನ್ನ ಶಿಷ್ಯ ಕೈಗಳಿಗೆ ಮಾತ್ರ ದೀಕ್ಷಾಸ್ನಾನ ಮಾಡಿಸಿಕೊಂಡನಾ?" ಎಂದರು. ಇನ್ನೊಬ್ಬರು ನಕ್ಕರು. ನಾನೂ ನಕ್ಕೆ. ಇಂಥ ಮಾತಿಗೆ ಉತ್ತರ ಕೊಟ್ಟರೆ ಮಾತು ಬೆಳೆಯುತ್ತದೆ, ನಕ್ಕರೆ ಅಲ್ಲಿಗೇ ಮುಗಿಯುತ್ತದೆ.

ಊಟದ ಪಂಕ್ತಿಯಲ್ಲಿ ಅವನೇ ನನ್ನ ಎಲೆಗೆ ಬಡಿಸಿದ. "ಬೇಜಾರಾಣ್ಣಾ?" ಎಂದು ಕೇಳಿದ.

"ಮಂಡಿ ನೋವು," ಎಂದೆ. ಅದೂ ಸುಳ್ಳೇನಲ್ಲ.

ಪೊಂಗಲ್ ಕಳೆಯಿತು. ಅವನ ತಾಯಿಯ ದಿನ ಯಾವುದೆಂದು ನನಗೆ ತಿಳಿದಿತ್ತು. ಹೋಗುವಂತಿರಲಿಲ್ಲ. ಬೆಳಿಗ್ಗೆಯಿಂದ ಗೋಡೌನಿನಲ್ಲಿ ಕೂತು ಮಾಲು ವಿಂಗಡಿಸಿದೆ. ಬಣ್ಣ ಹೋದದ್ದು ಒಂದು ಕಡೆ, ಹೊಲಿಗೆ ಬಿಟ್ಟದ್ದು ಒಂದು ಕಡೆ. ಪ್ರಾರ್ಥನೆ ಮಾಡೋಣವೆಂದರೆ ಏನೆಂದು ಕೇಳುವುದು? ಕಾಗೆ ಬರಲಿ ಎನ್ನಲೇ, ಬಾರದಿರಲಿ ಎನ್ನಲೇ? ದೇವರೇ, ನಿನಗೆ ಗೊತ್ತು ಎಂದಷ್ಟೇ ಹೇಳಿ ಮತ್ತೆ ಮೂಟೆ ಬಿಚ್ಚಿದೆ.

ಮಧ್ಯಾಹ್ನ ಫೋನು ಬಂತು. ಅವನದಲ್ಲ, ಅವಳ ದನಿ.

"ಊಟ ಆಯ್ತಾಣ್ಣಾ?"

"ಆಯ್ತಮ್ಮಾ. ಕಾಗೆ ಬಂತಾ?" ಎಂದೆ. ಹೀಗೊಂದು ಮಾತು ನನ್ನ ಬಾಯಿಂದ ಬರಬಹುದೆಂದು ಯಾವತ್ತೂ ಎಣಿಸಿರಲಿಲ್ಲ.

"ಬಂತು. ಎಲೆ ಇಟ್ಟು ತಿರುಗೋದರೊಳಗೆ ಬಂತು. ಚೆನ್ನಾಗಿ ತಿಂತು."

"ಸರಿ ಹಾಗಾದರೆ," ಎಂದೆ. ಬಿಚ್ಚಿದ ಮೂಟೆಯನ್ನು ಬದಿಗೆ ತಳ್ಳಿದೆ. "ಒಪ್ಪಿದರು ಅನ್ನು."

"ನಾನು ಕೇಳ್ಲಿಲ್ಲಣ್ಣಾ," ಎಂದಳು. "ಕೇಳೋಣ ಅಂತಾನೇ ಕೈ ಮುಗಿದು ನಿಂತಿದ್ದೆ. ಬಾಯಿ ಬರ್ಲಿಲ್ಲ. ಊಟ ಮಾಡ್ತಾ ಇರೋರಿಗೆ, ಮುಂದಿನ ವರ್ಷದಿಂದ ನಿಮಗೆ ಊಟ ಇಲ್ಲ ಅಂತ ಹೆಂಗೆ ಹೇಳೋದು? ನೀವು ಹೇಳ್ತಿದ್ರಾ?"

ನಾನು ಮೂಟೆಯ ಮೇಲೆ ಕೂತೆ.

"ಇವರಿಗೆ ಕೊಡ್ತೀನಿ," ಎಂದಳು.

ಅವನು ಫೋನು ತೆಗೆದುಕೊಂಡ. "ಎಲೆ ನಾನೇ ಇಟ್ಟೆಣ್ಣಾ. ಅಮ್ಮನಿಗೆ ಅಂತ ಇಟ್ಟೆ, ದೇವರಿಗೆ ಅಂತ ಇಡ್ಲಿಲ್ಲ. ಅದು ತಪ್ಪಾ?"

ತಪ್ಪು ಎಂದು ಹೇಳುವುದೇ ನಾನು ಒಪ್ಪಿಕೊಂಡ ಕೆಲಸ. ಹೇಳಿದ್ದರೆ ಅವನು ಕೇಳುತ್ತಿದ್ದ, ಹೆಂಡತಿಗೂ ಹೋಗಿ ಒಪ್ಪಿಸುತ್ತಿದ್ದ. "ಇದು ಫೋನಲ್ಲಿ ಆಡೋ ಮಾತಲ್ಲ," ಎಂದೆ. "ಬಂದು ಹೇಳ್ತೀನಿ."

"ಬರ್ತೀರಾ? ನಿಮಗೆ ಕಲಿಸೋಕೆ ಬೇರೆ ಯಾರನ್ನಾದ್ರೂ ಕೊಟ್ಟಿರ್ತಾರೆ ಅಂದ್ಕೊಂಡಿದ್ದೆ."

"ಮನೆಗೇ ಬರ್ತೀನಿ. ಅವಳೂ ಕೂತ್ಕೊಳ್ಲಿ, ಹಿಂದಿನಿಂದ ಪ್ರಶ್ನೆ ಕಳಿಸೋದು ಬೇಡ."

ಫೋನಿನಿಂದ ಆಚೆ ಅವಳು ಏನೋ ಹೇಳಿದಳು. ಅವನು ನಗುತ್ತಾ ಅದನ್ನು ನನಗೆ ದಾಟಿಸಿದ, "ಬರೋ ದಿನ ಊಟಕ್ಕೇ ಬರಬೇಕಂತೆ. ಆವತ್ತು ಬರೀ ಕಾಫಿ ಕುಡಿದು ಓಡಿಹೋದ್ರಿ ಅಂತಾಳೆ."

ಮುಂದಿನ ಭಾನುವಾರ ಆರಾಧನೆಯ ನಂತರ ಪಾಸ್ಟರು ನನ್ನನ್ನು ಬದಿಗೆ ಕರೆದರು. ಶರವಣಂಪಟ್ಟಿಯ ಆಫೀಸೊಂದರಲ್ಲಿ ಕೆಲಸ ಮಾಡುವ ಹಾಸನದ ಕಡೆಯ ಒಬ್ಬ ಯುವಕ ಹೊಸದಾಗಿ ಬರುತ್ತಿದ್ದಾನೆ, ಓದಿದವನು, ಕನ್ನಡ ಚೆನ್ನಾಗಿ ಬರುತ್ತದೆ, ಶನಿವಾರ ಪೂರ್ತಿ ರಜೆ, ಅವನೇ ಇಲ್ಲಿಗೆ ಬರುತ್ತಾನೆ, ನಿಮಗೆ ಓಡಾಟವೂ ಕಡಿಮೆ ಎಂದರು. ಒಳ್ಳೆಯ ಮಾಲು. ಯಾವ ವ್ಯಾಪಾರಿಯೂ ಬಿಡುವಂಥದ್ದಲ್ಲ.

"ಬೇರೆ ಯಾರಿಗಾದರೂ ಕೊಡಿ ಪಾಸ್ಟರ್," ಎಂದೆ. "ಹಳೆಯದೇ ಮುಗಿದಿಲ್ಲ."

"ಅವನಾ? ಇನ್ನೂ ಒಂದು ವರ್ಷವಾ?"

"ಅವರು," ಎಂದೆ. "ಇಬ್ಬರು. ಎಷ್ಟು ವರ್ಷವೋ ಗೊತ್ತಿಲ್ಲ."

ಪಾಸ್ಟರು ಕಾಗೆಯ ವಿಷಯ ಏನಾಯಿತೆಂದು ಕೇಳಿದರು. ಹೇಳಬಹುದಿತ್ತು. ಹೇಳಿದರೆ ಮೊದಲಿನಿಂದ ಎಲ್ಲವನ್ನೂ ಹೇಳಬೇಕು. ಊಟ ಮಾಡುತ್ತಿದ್ದ ಮುದುಕಿಯ ಎದುರು ಕೈ ಮುಗಿದು ನಿಂತ ಸೊಸೆಯನ್ನು ತಮಿಳಿನಲ್ಲಿ ವಿವರಿಸುವ ತ್ರಾಣ ಆ ಹೊತ್ತು ನನಗಿರಲಿಲ್ಲ. ಸಂತೆಗೆ ಹೊತ್ತಾಯಿತು ಎಂದು ಹೇಳಿ ಹೊರಟೆ.